ಪ್ರೋಟೀನ್ ಕೋಶದಲ್ಲಿ ಎಲ್ಲಿದೆ? ಬಾಳೆದಿಂಡಿನಿಂದ ಮಂಗನ ಕಾಯಿಲೆಯವರೆಗೆ ಒಂದು ಟಿಪ್ಪಣಿ

ಬಾಳೆದಿಂಡಿನ ಪಲ್ಯ ಮಾಡುವ ದಿನ ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈಳಿಗೆ ಮಣೆಯ ಪಕ್ಕ ಒಂದು ಪಾತ್ರೆ ಇರಲೇಬೇಕು. ಅದರಲ್ಲಿ ನೀರು ಬೆರೆಸಿದ ಹುಳಿ ಮಜ್ಜಿಗೆ. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು, ಪ್ರತಿ ಬಿಲ್ಲೆಯ ಜೊತೆ ಎಳೆದು ಬರುವ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆಯಬೇಕು, ಸಣ್ಣಗೆ ಹೆಚ್ಚಿದ್ದನ್ನು ಕೂಡಲೇ ಆ ಪಾತ್ರೆಗೆ ಹಾಕಬೇಕು. ನಾನು ಮಾತಾಡುತ್ತಾ ಹೋಳುಗಳನ್ನು ತಟ್ಟೆಯಲ್ಲೇ ಬಿಟ್ಟರೆ ಅಮ್ಮ, "ಮಜ್ಜಿಗೆಗೆ ಹಾಕೇ ಮಾರಾಯ್ತಿ, ಕಪ್ಪಾಗತ್ತೆ" ಅನ್ನುತ್ತಾರೆ.

ಪ್ರೋಟೀನುಗಳ ಪಾಠ ಓದುತ್ತಿರುವ ಎಲ್ಲರೂ ಆ ಕಪ್ಪಿನಿಂದ ಶುರು ಮಾಡಿದರೆ ಒಳ್ಳೆಯದು ಎಂದು ನನಗೆ ಅನ್ನಿಸಿದೆ. ದಿಂಡು ಕಪ್ಪಾಗುವುದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ಇದು ತಾಮ್ರವನ್ನು ಒಡಲಲ್ಲಿ ಇಟ್ಟುಕೊಂಡಿರುವ ಪ್ರೋಟೀನು. ಗಿಡದಲ್ಲಿರುವ ಫೀನಾಲ್ ಸಂಯುಕ್ತಗಳನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಕ್ವಿನೋನ್ ಮಾಡುತ್ತದೆ, ಕ್ವಿನೋನುಗಳು ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣ ಬರುತ್ತದೆ. ಮಜ್ಜಿಗೆಯ ಹುಳಿಯಲ್ಲಿ ಈ ಕಿಣ್ವದ ಕೈ ನಿಧಾನವಾಗುತ್ತದೆ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ.

ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಕೊಯ್ಯುವ ಮೊದಲು ದಿಂಡು ಯಾಕೆ ಬೆಳ್ಳಗಿತ್ತು? ಕಿಣ್ವ ಆಗಲೂ ಅಲ್ಲೇ ಇತ್ತು. ಫೀನಾಲುಗಳೂ ಇದ್ದವು. ಉತ್ತರ ಇಷ್ಟೇ: ಕಿಣ್ವ ಇದ್ದದ್ದು ಕೋಶದೊಳಗಿನ ಪ್ಲಾಸ್ಟಿಡ್ ಎಂಬ ಚೀಲಗಳಲ್ಲಿ, ಫೀನಾಲುಗಳು ಇದ್ದದ್ದು ರಸದಾನಿ ಎಂಬ ಇನ್ನೊಂದು ಕೋಣೆಯಲ್ಲಿ. ನಡುವೆ ಪೊರೆಗಳ ಗೋಡೆ. ಕತ್ತಿ ತಾಗಿದಾಗ ಗೋಡೆ ಒಡೆದು ಎರಡೂ ಸೇರಿದವು. ಅಂದರೆ ಒಂದು ಪ್ರೋಟೀನು ಏನು ಮಾಡಬಲ್ಲದು ಎಂದು ತಿಳಿದರೆ ಅದು ಏನು ಮಾಡುತ್ತಿದೆ ಎಂದು ತಿಳಿದಂತಾಗಲಿಲ್ಲ. ಅದು ಎಲ್ಲಿದೆ, ಯಾವಾಗ ಇದೆ, ಯಾರ ಪಕ್ಕ ಇದೆ ಎಂಬುದೂ ಗೊತ್ತಾಗಬೇಕು. ನಾನು ಪರೀಕ್ಷೆಗೆ ಓದುವಾಗ ಈ ಮೂರು ಪ್ರಶ್ನೆಗಳನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟುಕೊಂಡೆ. ಆಮೇಲೆ ಬಂದ ವಿಧಾನಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಉತ್ತರ ಕೊಡುವವೇ ಆಗಿದ್ದವು.

ಆಕಾರದ ವಿಷಯ ಬೇಗ ಮುಗಿಸುತ್ತೇನೆ, ಅದು ನಿಮಗೆ ಗೊತ್ತಿರುವುದೇ. 20 ಬಗೆಯ ಅಮೈನೊ ಆಮ್ಲಗಳು, ಕೋಶದ ಪ್ರೋಟೀನು ಕಾರ್ಖಾನೆಯಾದ ರೈಬೋಸೋಮಿನಲ್ಲಿ ಸಾಲಾಗಿ ಪೋಣಿಸಿಕೊಂಡ ಸರ, ಆ ಸರ ಮಡಚಿಕೊಂಡು ಬರುವ ಆಕಾರ. ಸರ ಯಾವ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ ಎಂದು 1963ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಆ ನಕ್ಷೆಯನ್ನು ಇವತ್ತಿಗೂ ಪ್ರತಿ ಹೊಸ ಪ್ರೋಟೀನ್ ರಚನೆಯನ್ನು ಒರೆಗೆ ಹಚ್ಚಲು ಬಳಸುತ್ತಾರೆ. ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕುಡಗೋಲು ಕಣ ರೋಗ ಸಾಕು: ಹಿಮೋಗ್ಲೋಬಿನ್ನಿನ ಬೀಟಾ ಸರದಲ್ಲಿ 146 ಅಮೈನೊ ಆಮ್ಲಗಳಿವೆ. ಅದರಲ್ಲಿ 6ನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಆದರೆ ಅಷ್ಟಕ್ಕೇ ರಕ್ತಕಣದ ರೂಪವೇ ಬಾಗುತ್ತದೆ.

ಪ್ರೋಟೀನು ಹುಡುಕುವ ಹಳೆಯ ವಿಧಾನಗಳಲ್ಲಿ ಮೊದಲ ಹೆಜ್ಜೆ ಕೋಶವನ್ನು ಒಡೆಯುವುದು. ಅರೆದು, ಸೋಸಿ, ಜೆಲ್ಲಿನಲ್ಲಿ ಓಡಿಸಿ, ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯದಿಂದ ಗುರುತು ಹಚ್ಚುವುದು. ಪ್ರೋಟೀನು ಇದೆಯೋ ಇಲ್ಲವೋ, ಎಷ್ಟಿದೆ, ಎಷ್ಟು ತೂಕದ್ದು ಎಂದು ಹೇಳಲು ಇದಕ್ಕಿಂತ ಭದ್ರವಾದ ದಾರಿ ಕಡಿಮೆ. ಆದರೆ ಒಡೆದ ಕೋಶ ಎಂದರೆ ಕೊಯ್ದ ಬಾಳೆದಿಂಡು. ಬೇರೆ ಬೇರೆ ಕೋಣೆಗಳಲ್ಲಿ ಇದ್ದವೆಲ್ಲ ಒಂದೇ ನೀರಿನಲ್ಲಿ ಸೇರುತ್ತವೆ, ಪ್ರೋಟೀನು ಕತ್ತರಿಸುವ ಕಿಣ್ವಗಳು ಸಿಕ್ಕಿದ್ದನ್ನು ಕತ್ತರಿಸಲು ಶುರು ಮಾಡುತ್ತವೆ. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಮಂಜುಗಡ್ಡೆಯ ಮೇಲೆ ಇಡುವುದು, ಕಿಣ್ವ ತಡೆಯುವ ಮದ್ದು ಹಾಕುವುದು ಇದಕ್ಕೇ. ಅಮ್ಮನ ಮಜ್ಜಿಗೆ ಪಾತ್ರೆ ಮಾಡುವುದೂ ಇದನ್ನೇ.

ಇನ್ನೊಂದು ತೊಂದರೆ ಇದೆ. ಕೋಶದ ಒಳಗಿನ ನೀರು ಪರೀಕ್ಷಾನಳಿಗೆಯ ನೀರಿನಂತಲ್ಲ. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 33 ಗ್ರಾಂ ಪ್ರೋಟೀನು ಇರುತ್ತದೆ. ಕೋಶರಸದಲ್ಲಿ ಲೀಟರಿಗೆ 200ರಿಂದ 300 ಗ್ರಾಂ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬರು ಒಂದು ಅಂಗಡಿಯಿಂದ ಎದುರಿನ ಅಂಗಡಿಗೆ ಹೋಗುವುದನ್ನು ನೆನೆಸಿಕೊಳ್ಳಿ. ಖಾಲಿ ರಸ್ತೆಯಲ್ಲಿ ಅಳೆದ ನಡಿಗೆಯ ವೇಗ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ಕೋಶವನ್ನು ಒಡೆಯದೆ, ಅದು ಬದುಕಿರುವಾಗಲೇ, ಬೇಕಾದ ಒಂದು ಪ್ರೋಟೀನನ್ನು ಮಾತ್ರ ನೋಡಬೇಕು. ಅದಕ್ಕೆ ದೀಪ ಹಿಡಿಸಬೇಕು.

ಮೊದಲ ದೀಪ ನಮಗೆ ಗುರುತಿನದೇ. ಮೇ ತಿಂಗಳು ಮುಗಿಯುತ್ತಾ ಬಂದು ಒಂದೆರಡು ಮಳೆ ಬಿದ್ದ ಮೇಲೆ ತೋಟದ ಅಂಚಿನಲ್ಲಿ ಮಿಣುಕು ಹುಳಗಳು ಹೊತ್ತಿಕೊಳ್ಳುತ್ತವಲ್ಲ, ಆ ಬೆಳಕು ಲ್ಯೂಸಿಫೆರೇಸ್ ಎಂಬ ಕಿಣ್ವದ್ದು. ಅಮೆರಿಕದ ಒಂದು ಜಾತಿಯ ಮಿಣುಕು ಹುಳದಲ್ಲಿ ಇದು 550 ಅಮೈನೊ ಆಮ್ಲಗಳ ಪ್ರೋಟೀನು. ಲ್ಯೂಸಿಫೆರಿನ್ ಎಂಬ ಚಿಕ್ಕ ಅಣು, ಆಮ್ಲಜನಕ, ಮೆಗ್ನೀಶಿಯಂ ಮತ್ತು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು, ಇಷ್ಟು ಸೇರಿದರೆ ಬೆಳಕು. ಎಟಿಪಿ ಬೇಕೇ ಬೇಕು ಎಂದು ವಿಲಿಯಂ ಮೆಕೆಲ್ರಾಯ್ 1947ರಲ್ಲಿ ತೋರಿಸಿದರು. 1986ರಲ್ಲಿ ಆ ಹುಳದ ವಂಶವಾಹಿಯನ್ನು ತಂಬಾಕು ಗಿಡಕ್ಕೆ ಸೇರಿಸಿ, ಲ್ಯೂಸಿಫೆರಿನ್ ಉಣಿಸಿದಾಗ ಗಿಡ ಕತ್ತಲಲ್ಲಿ ಹೊಳೆಯಿತು. ಒಂದು ವಂಶವಾಹಿ ಯಾವಾಗ ಚಾಲೂ ಆಗುತ್ತದೆ ಎಂದು ತಿಳಿಯಲು ಈ ದೀಪ ಇಂದಿಗೂ ಬಹಳ ಒಳ್ಳೆಯದು. ಆದರೆ ಎಣ್ಣೆಯನ್ನು ಹೊರಗಿನಿಂದ ಹೊಯ್ಯಬೇಕು, ಬೆಳಕೂ ಮಂದ. ಸೂಕ್ಷ್ಮದರ್ಶಕದಲ್ಲಿ ಕೋಶದ ಯಾವ ಮೂಲೆಯಲ್ಲಿದೆ ಎಂದು ನೋಡುವಷ್ಟು ಸಾಲದು.

ಎರಡನೆಯ ದೀಪ ಸಮುದ್ರದಿಂದ ಬಂತು. 1962ರಲ್ಲಿ ಒಸಾಮು ಶಿಮೊಮುರ ಮತ್ತು ಸಂಗಡಿಗರು ಅಂಬಲಿ ಮೀನಿನಿಂದ (ಜೆಲ್ಲಿಫಿಶ್) ಹಸಿರು ಹೊಳಪಿನ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದನ್ನು ವರದಿ ಮಾಡಿದರು. ಈಗ ಎಲ್ಲರೂ ಅದನ್ನು, ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್ ಎಂಬುದನ್ನು ಚಿಕ್ಕದಾಗಿಸಿ, ಜಿಎಫ್‌ಪಿ ಎನ್ನುತ್ತಾರೆ. ಡಗ್ಲಸ್ ಪ್ರಾಶರ್ 1992ರಲ್ಲಿ ಅದರ ವಂಶವಾಹಿಯನ್ನು ಪ್ರಕಟಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಬ್ಯಾಕ್ಟೀರಿಯಾದಲ್ಲಿ, ಆಮೇಲೆ ಒಂದು ಪುಟ್ಟ ದುಂಡುಹುಳದ ನರಕೋಶಗಳಲ್ಲಿ ಬೆಳಗಿಸಿದರು. ರೋಜರ್ ಚೆನ್ ಅದಕ್ಕೆ ಬೇರೆ ಬೇರೆ ಬಣ್ಣ ಕೊಟ್ಟರು. 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರ, ಚಾಲ್ಫಿ, ಚೆನ್ ಮೂವರಿಗೆ ಬಂತು. ಪ್ರಾಶರ್ ಹೆಸರನ್ನು ನಾವು ವಿದ್ಯಾರ್ಥಿಗಳಾದರೂ ಮರೆಯಬಾರದು. ಅವರ ಕೆಲಸವಿಲ್ಲದೆ ಉಳಿದದ್ದು ನಡೆಯುತ್ತಿರಲಿಲ್ಲ.

ಜಿಎಫ್‌ಪಿಯ ರಚನೆ ನನಗೆ ತಲೆಗೆ ಹೋದದ್ದು ನಮ್ಮ ಮನೆಯ ಲಾಟೀನಿನಿಂದ. ಮಳೆಗಾಲದಲ್ಲಿ ಕರೆಂಟು ಹೋದಾಗ ಹಚ್ಚುವ ಲಾಟೀನಿನಲ್ಲಿ ನಡುವೆ ಬತ್ತಿ, ಸುತ್ತ ಗಾಜಿನ ಬುರುಡೆ. ಜಿಎಫ್‌ಪಿಯಲ್ಲಿ ಇರುವುದು 238 ಅಮೈನೊ ಆಮ್ಲಗಳು. 11 ಪಟ್ಟಿಗಳು ಸುತ್ತ ನಿಂತು ಬುರುಡೆಯಾಗುತ್ತವೆ, ಎತ್ತರ ಸುಮಾರು 4 ನ್ಯಾನೊಮೀಟರ್. ನಡುವೆ ಹಾದುಹೋಗುವ ಸುರುಳಿಯಲ್ಲಿ ಬತ್ತಿಯಿದೆ. 65, 66, 67ನೆಯ ಸ್ಥಾನದ ಸೆರಿನ್, ಟೈರೋಸಿನ್, ಗ್ಲೈಸಿನ್ ತಮ್ಮಷ್ಟಕ್ಕೆ ತಾವೇ ಉಂಗುರವಾಗಿ ಬೆಸೆದುಕೊಂಡು ವರ್ಣಕವಾಗುತ್ತವೆ. ಬೇರೆ ಕಿಣ್ವದ ಸಹಾಯ ಬೇಡ, ಆಮ್ಲಜನಕ ಒಂದಿದ್ದರೆ ಸಾಕು. ಗಾಜಿನ ಬುರುಡೆ ಗಾಳಿಯನ್ನು ತಡೆಯುವಂತೆ ಈ ಬುರುಡೆ ನೀರಿನ ಅಣುಗಳನ್ನು ತಡೆಯುತ್ತದೆ, ಬತ್ತಿಯನ್ನು ಅಲುಗಾಡದಂತೆ ಹಿಡಿಯುತ್ತದೆ. ಕಾಯಿಸಿ ಬುರುಡೆ ಬಿಚ್ಚಿಹೋದರೆ ವರ್ಣಕ ಒಳಗೆ ಹಾಗೇ ಇದ್ದರೂ ಹೊಳಪು ಹೋಗುತ್ತದೆ. ಹೋಲಿಕೆ ಒಂದು ಕಡೆ ನಿಲ್ಲುತ್ತದೆ ಎಂಬುದನ್ನೂ ಬರೆದುಕೊಳ್ಳಿ: ಲಾಟೀನು ತಾನೇ ಉರಿಯುತ್ತದೆ, ಜಿಎಫ್‌ಪಿ ಹಾಗಲ್ಲ. ಅದರ ಮೇಲೆ ನೀಲಿ ಬೆಳಕು ಬಿಟ್ಟರೆ ಮಾತ್ರ ಹಸಿರು ಬೆಳಕು ಮರಳಿ ಬರುತ್ತದೆ.

ಈ ದೀಪವನ್ನು ಪ್ರೋಟೀನಿಗೆ ಕಟ್ಟುವ ಬಗೆ ಹೀಗೆ. ನಮಗೆ ಬೇಕಾದ ಪ್ರೋಟೀನಿನ ವಂಶವಾಹಿಯ ಕೊನೆಯಲ್ಲಿರುವ ನಿಲುಗಡೆ ಸಂಕೇತವನ್ನು ತೆಗೆದು, ಓದುವ ಸಾಲು ತಪ್ಪದಂತೆ ಜಿಎಫ್‌ಪಿಯ ವಂಶವಾಹಿಯನ್ನು ಮುಂದುವರಿಸುವುದು. ರೈಬೋಸೋಮು ಎರಡನ್ನೂ ಒಂದೇ ಸರವಾಗಿ ಪೋಣಿಸುತ್ತದೆ. ನಡುವೆ ಗ್ಲೈಸಿನ್, ಸೆರಿನ್ ತುಂಬಿದ ಚಿಕ್ಕ ಮೆದು ಕೊಂಡಿ ಇಟ್ಟರೆ ಎರಡಕ್ಕೂ ಮಡಚಿಕೊಳ್ಳಲು ಜಾಗ ಸಿಗುತ್ತದೆ. ದೀಪವನ್ನು ಯಾವ ತುದಿಗೆ ಕಟ್ಟುತ್ತೀರಿ ಎಂಬುದು ಸಣ್ಣ ವಿಷಯವಲ್ಲ. ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನಿನ ವಿಳಾಸ ಸಾಮಾನ್ಯವಾಗಿ ಅದರ ಮೊದಲ ತುದಿಯಲ್ಲೇ ಬರೆದಿರುತ್ತದೆ. ಅಲ್ಲೇ ದೀಪ ಅಂಟಿಸಿದರೆ ವಿಳಾಸ ಮುಚ್ಚಿ, ಪ್ರೋಟೀನು ದಾರಿ ತಪ್ಪುತ್ತದೆ. ಅತಿಯಾಗಿ ತಯಾರಾದರೂ ಇದೇ ಗತಿ, ತನ್ನ ಜಾಗ ತುಂಬಿ ಬೇರೆಡೆ ಚೆಲ್ಲುತ್ತದೆ, ನೋಡುವವರು ಅದನ್ನೇ ನಿಜ ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ದೀಪ ಕಟ್ಟಿದ ಪ್ರೋಟೀನು ಮೊದಲಿನ ಕೆಲಸವನ್ನು ಮಾಡುತ್ತಿದೆಯೇ ಎಂದು ಮೊದಲು ನೋಡಬೇಕು. ಮೂಲ ಪ್ರೋಟೀನು ಇಲ್ಲದ ಕೋಶಕ್ಕೆ ಇದನ್ನು ಕೊಟ್ಟು ಕೋಶ ಸರಿಹೋಯಿತೇ ಎಂದು ಪರೀಕ್ಷಿಸುವುದು ಎಲ್ಲಕ್ಕಿಂತ ನಂಬಬಹುದಾದ ದಾರಿ. ಚೆಂದದ ಹಸಿರು ಚಿತ್ರ ನೋಡಿದಾಗಲೆಲ್ಲ ಈ ಪರೀಕ್ಷೆ ಮಾಡಿದ್ದಾರೆಯೇ ಎಂದು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ದೀಪ ಹಚ್ಚಿದ ಮೇಲೆ ಅದನ್ನು ಆರಿಸಿಯೂ ಕಲಿಯಬಹುದು. ಪಾಚಿ ಕಟ್ಟಿದ ಕೆರೆಯಲ್ಲಿ ಕೊಡದ ತಳದಿಂದ ಪಾಚಿ ಸರಿಸಿದರೆ ಸ್ವಲ್ಪ ಹೊತ್ತು ತಿಳಿನೀರು ಕಾಣುತ್ತದೆ, ಆಮೇಲೆ ಸುತ್ತಲಿನ ಪಾಚಿ ಬಂದು ಮುಚ್ಚುತ್ತದೆ. ಫ್ರಾಪ್ ಎಂಬ ವಿಧಾನ ಇದೇ. ಲೇಸರ್ ಬೆಳಕಿನಿಂದ ಕೋಶದ ಒಂದು ಚಿಕ್ಕ ವೃತ್ತದಲ್ಲಿರುವ ದೀಪಗಳನ್ನು ಪೂರ್ತಿ ಸುಟ್ಟು, ಆ ಕಪ್ಪು ಜಾಗ ಎಷ್ಟು ಹೊತ್ತಿನಲ್ಲಿ ಮತ್ತೆ ಹಸಿರಾಗುತ್ತದೆ ಎಂದು ಅಳೆಯುವುದು. ಬೇಗ ತುಂಬಿದರೆ ಪ್ರೋಟೀನು ಸಲೀಸಾಗಿ ಓಡಾಡುತ್ತಿದೆ. ಅರ್ಧಕ್ಕೇ ನಿಂತರೆ ಉಳಿದರ್ಧ ಎಲ್ಲೋ ಕಚ್ಚಿಕೊಂಡು ಕೂತಿದೆ. ಹೀಗೆ ಅಳೆದಾಗಲೇ ಜಿಎಫ್‌ಪಿ ನೀರಿನಲ್ಲಿ ಓಡಾಡುವುದಕ್ಕಿಂತ ಕೋಶರಸದಲ್ಲಿ ಮೂರು ನಾಲ್ಕು ಪಟ್ಟು ನಿಧಾನ ಎಂದು ಗೊತ್ತಾದದ್ದು. ಆ ಜಾತ್ರೆಯ ನೂಕುನುಗ್ಗಲಿಗೆ ಹೀಗೊಂದು ಅಳತೆ ಸಿಕ್ಕಿತು.

ಯಾರ ಪಕ್ಕ ಇದೆ ಎಂಬ ಪ್ರಶ್ನೆ ಇದಕ್ಕಿಂತ ಕಷ್ಟ. ಸಾಮಾನ್ಯ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಒಂದೇ ಎಂದು ತೋರಿಸುತ್ತದೆ. ಆ ಅಂತರದಲ್ಲಿ ಹತ್ತಾರು ಪ್ರೋಟೀನುಗಳು ಸಾಲಾಗಿ ನಿಲ್ಲಬಹುದು. ಹಸಿರು, ಕೆಂಪು ಎರಡೂ ಸೇರಿ ಹಳದಿ ಕಂಡಿತು ಎಂದ ಮಾತ್ರಕ್ಕೆ ಅವು ಕೈಹಿಡಿದಿವೆ ಎನ್ನುವಂತಿಲ್ಲ. ಒಂದೇ ಬಸ್ಸಿನಲ್ಲಿ ಇವೆ ಎನ್ನಬಹುದು, ಅಷ್ಟೇ. ಇಲ್ಲಿ ಫ್ರೆಟ್ ಎಂಬ ವಿಧಾನ ಉಪಯೋಗಕ್ಕೆ ಬರುತ್ತದೆ. ಒಂದು ಪ್ರೋಟೀನಿಗೆ ನೀಲಿ ದೀಪ, ಇನ್ನೊಂದಕ್ಕೆ ಹಳದಿ ದೀಪ. ಎರಡೂ 10 ನ್ಯಾನೊಮೀಟರಿಗಿಂತ ಹತ್ತಿರ ಬಂದರೆ ನೀಲಿ ದೀಪಕ್ಕೆ ಕೊಟ್ಟ ಶಕ್ತಿ ಬೆಳಕಾಗದೆ ನೇರವಾಗಿ ಪಕ್ಕದ್ದಕ್ಕೆ ದಾಟಿ, ಹಳದಿ ಹೊಳೆಯುತ್ತದೆ. ಈ ದಾಟುವಿಕೆ ದೂರದ ಆರನೆಯ ಘಾತದ ಮೇಲೆ ನಿಂತಿದೆ. ಅರ್ಧದಷ್ಟು ಶಕ್ತಿ ದಾಟುವ ದೂರ 5 ನ್ಯಾನೊಮೀಟರ್ ಎಂದಿಟ್ಟುಕೊಳ್ಳಿ. ದೂರ 10 ಆದರೆ ದಾಟುವುದು 65ರಲ್ಲಿ ಒಂದು ಪಾಲು. ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ. 1997ರಲ್ಲಿ ಚೆನ್ ಅವರ ಗುಂಪು ಎರಡು ದೀಪಗಳನ್ನೂ ಒಂದೇ ಪ್ರೋಟೀನಿನ ಎರಡು ತುದಿಗೆ ಕಟ್ಟಿ, ನಡುವೆ ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡ್ಯುಲಿನ್ ಎಂಬ ಭಾಗವನ್ನು ಇಟ್ಟಿತು. ಕ್ಯಾಲ್ಸಿಯಂ ಬಂದರೆ ನಡುಭಾಗ ಮಡಚಿ ದೀಪಗಳು ಹತ್ತಿರವಾಗುತ್ತವೆ, ಬಣ್ಣ ಬದಲಾಗುತ್ತದೆ. ಪ್ರೋಟೀನು ಆಕಾರ ಬದಲಿಸುವ ಗಳಿಗೆಯನ್ನೇ ಬದುಕಿರುವ ಕೋಶದಲ್ಲಿ ಕಣ್ಣಿಗೆ ಕಾಣಿಸಿದ ಕೆಲಸ ಅದು.

ಈಗ ನಮ್ಮ ಜಿಲ್ಲೆಯದೇ ಒಂದು ವಿಷಯಕ್ಕೆ ಬರುತ್ತೇನೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಹುಳದಿಂದ ಹರಡುವ ಇದರ ವೈರಸ್ಸು ಡೆಂಗಿ ವೈರಸ್ಸಿನ ಕುಟುಂಬದ್ದು, ಫ್ಲೇವಿವೈರಸ್. ಕಾಡಿಗೆ ದರಗು (ಒಣಗಿದ ಎಲೆ) ಗುಡಿಸಲು ಹೋಗುವ ಮನೆಗಳವರಿಗೆ ಇದರ ಭಯ ಹೇಳಿಕೊಡಬೇಕಿಲ್ಲ. ಈ ವೈರಸ್ಸನ್ನು ಅತಿ ಬಿಗಿ ಭದ್ರತೆಯ ಪ್ರಯೋಗಾಲಯದಲ್ಲಿ ಮಾತ್ರ ಮುಟ್ಟಬಹುದು. ಆದರೆ ಅದರ ಪ್ರೋಟೀನುಗಳ ಕಥೆಯನ್ನು ನಾವು ಕೂತು ಓದಬಹುದು, ಮೇಲಿನ ಮೂರು ಪ್ರಶ್ನೆಗಳೂ ಅದರಲ್ಲಿವೆ.

ವೈರಸ್ಸಿನ ಆರ್‌ಎನ್‌ಎ ನಮ್ಮ ಕೋಶದೊಳಗೆ ಹೊಕ್ಕು 3,400ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಒಂದೇ ಉದ್ದನೆಯ ಸರವನ್ನು ಮಾಡಿಸುತ್ತದೆ. ಆ ಸರ ಹಾಗೇ ಇದ್ದರೆ ಪ್ರಯೋಜನವಿಲ್ಲ, 10 ತುಂಡಾಗಬೇಕು. ಕೆಲವು ಕಡೆ ವೈರಸ್ಸಿನ ಸ್ವಂತ ಕತ್ತರಿ ಕತ್ತರಿಸುತ್ತದೆ, ಕೆಲವು ಕಡೆ ನಮ್ಮ ಕೋಶದ ಕತ್ತರಿ. ಹೊಸ ಕಣ ಕಟ್ಟಿಕೊಂಡಾಗ ಅದರ ಹೊದಿಕೆಯ ಇ ಎಂಬ ಪ್ರೋಟೀನಿನ ಮೇಲೆ ಪಿಆರ್‌ಎಂ ಎಂಬ ಇನ್ನೊಂದು ಪ್ರೋಟೀನು ಮುಚ್ಚಳದಂತೆ ಕೂತಿರುತ್ತದೆ. ಯಾಕೆಂದರೆ ಇ ಪ್ರೋಟೀನು ಹುಳಿ ತಾಗಿದರೆ ಆಕಾರ ಬದಲಿಸಿ ಪೊರೆಗೆ ಬೆಸೆದುಕೊಳ್ಳುತ್ತದೆ. ಹೊಸ ಕೋಶಕ್ಕೆ ನುಗ್ಗುವಾಗ ಅದಕ್ಕೆ ಬೇಕಾದದ್ದೇ ಅದು. ಆದರೆ ಕಣ ಹೊರಗೆ ಹೋಗುವ ದಾರಿಯಲ್ಲಿ ಗಾಲ್ಗಿ ಎಂಬ ಸಾಗಣೆ ಕೋಣೆಗಳ ಸಾಲನ್ನು ಹಾಯಬೇಕು, ಗಾಲ್ಗಿಯ ಕೊನೆಯ ಕೋಣೆಯೂ ಹುಳಿಯೇ. ಮುಚ್ಚಳ ಇಲ್ಲದಿದ್ದರೆ ಅಲ್ಲೇ ಬೆಸೆದುಹೋಗಿ ಕಣ ಕೆಡುತ್ತಿತ್ತು.

ಗಾಲ್ಗಿಯ ಆ ಹುಳಿಯಲ್ಲಿ ಮುಚ್ಚಳದ ಬುಡ ಫ್ಯೂರಿನ್ ಎಂಬ ನಮ್ಮದೇ ಕಿಣ್ವಕ್ಕೆ ಎಟುಕುತ್ತದೆ, ಫ್ಯೂರಿನ್ ಅದನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡು ಹುಳಿ ಇರುವಷ್ಟು ಹೊತ್ತು ಅಂಟಿಕೊಂಡೇ ಇದ್ದು, ಕಣ ಕೋಶದ ಹೊರಗೆ ಬಂದಾಗ ಕಳಚಿ ಬೀಳುತ್ತದೆ. ಸ್ಥಳ ಮತ್ತು ಹುಳಿ ಇಷ್ಟು ಮುಖ್ಯ ಎಂದು ತಿಳಿದದ್ದು ಒಂದು ಸರಳ ಪ್ರಯೋಗದಿಂದ. ಇದೇ ಗುಂಪಿನ ವೈರಸ್ಸು ತಗುಲಿದ ಕೋಶಗಳಿಗೆ ಅಮೋನಿಯಂ ಕ್ಲೋರೈಡ್ ಹಾಕಿ ಒಳಕೋಣೆಗಳ ಹುಳಿ ಕಳೆದರು. ಫ್ಯೂರಿನ್ ಅಲ್ಲೇ ಇತ್ತು, ಪಿಆರ್‌ಎಂ ಅಲ್ಲೇ ಇತ್ತು, ಕಣಗಳೂ ಹೊರಗೆ ಬಂದವು. ಆದರೆ ಒಂದೊಂದರ ಮೇಲೂ ಮುಚ್ಚಳ ಹಾಗೇ ಇತ್ತು.