ದೆಹಲಿಗೆ ಹೋಗುವ ಮುನ್ನ

ಧಾರವಾಡದ ಹೈಕೋರ್ಟ್ ಪೀಠದಲ್ಲಿ ತೀರ್ಪು ವಿರುದ್ಧವಾಗಿ ಬಂದರೆ ಕಕ್ಷಿದಾರರು ಮೊದಲು ಕೇಳುವುದು ಒಂದೇ ಮಾತು: 'ವಕೀಲರೇ, ಸುಪ್ರೀಂ ಕೋರ್ಟಿಗೆ ಹಾಕಿಬಿಡೋಣವೇ?' ಗದಗ, ಹಾವೇರಿ ಕಡೆಯ ಜಮೀನು ವಾಟಣಿ (ಪಾಲು ವಿಭಜನೆ) ದಾವೆಗಳಲ್ಲಿ ಹಟ ಹೆಚ್ಚು. ಮೂರು ಕೋರ್ಟು ಹತ್ತಿ ಇಳಿದವರಿಗೆ ನಾಲ್ಕನೆಯದೂ ತಮ್ಮ ಹಕ್ಕೆಂದೇ ಅನಿಸಿರುತ್ತದೆ.

ಇಂಥ ದಾವೆಗಳಲ್ಲಿ ಸಾಮಾನ್ಯವಾಗಿ ಆ ಹಕ್ಕು ಇರುವುದಿಲ್ಲ. ಸಂವಿಧಾನದ 136ನೇ ವಿಧಿಯಡಿ ವಿಶೇಷ ಅನುಮತಿ ಕೋರಬಹುದು. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಎಷ್ಟೋ ಅರ್ಜಿಗಳು ಎದುರು ಪಕ್ಷಕ್ಕೆ ನೋಟಿಸ್ ಕೂಡ ಹೋಗದೆ, ಕೆಲವೇ ನಿಮಿಷಗಳಲ್ಲಿ ವಜಾ ಆಗುತ್ತವೆ. ಅಣ್ಣ ವಾಟಣಿ ಪತ್ರಕ್ಕೆ ಸಹಿ ಹಾಕಿದ್ದನೇ, ಪಾಟೀಸವಾಲಿನಲ್ಲಿ ಸಾಕ್ಷಿ ಏನೆಂದ ಎಂಬುದನ್ನು ಅಲ್ಲಿ ಮತ್ತೆ ತೂಗುವುದು ತೀರಾ ಅಪರೂಪ. ಅದು ಗಟ್ಟಿಯಾಗಬೇಕಾದದ್ದು ತಾಲ್ಲೂಕಿನ ಕೋರ್ಟಿನಲ್ಲೇ. ಆಗ ಹಾಜರುಪಡಿಸದ ಉತಾರವನ್ನು (ಜಮೀನಿನ ಪಹಣಿಯನ್ನು) ದೆಹಲಿಯಲ್ಲಿ ತೋರಿಸುತ್ತೇವೆಂದರೆ ನಡೆಯುವುದಿಲ್ಲವೆಂದೇ ತಿಳಿಯಬೇಕು.

ವಜಾ ಆಯಿತೆಂದರೆ ಊರಿನಲ್ಲಿ ಎದುರಾಳಿ 'ಸುಪ್ರೀಂ ಕೋರ್ಟಿನಲ್ಲೂ ಗೆದ್ದೆವು' ಎಂದು ಪೇಢಾ ಹಂಚುತ್ತಾನೆ. ಅದು ಪೂರ್ತಿ ನಿಜವಲ್ಲ. ಕಾರಣ ಕೊಡದೆ ಅನುಮತಿ ನಿರಾಕರಿಸಿದ ಮಾತ್ರಕ್ಕೆ ಹೈಕೋರ್ಟಿನ ತೀರ್ಪಿಗೆ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದಂತಾಗುವುದಿಲ್ಲ ಎಂದು 2000ರ ಕುಂಞಮ್ಮದ್ ಪ್ರಕರಣದಲ್ಲಿ ಅದೇ ಸ್ಪಷ್ಟಪಡಿಸಿದೆ. ತಕ್ಕ ಕಾರಣವಿದ್ದರೆ ಹೈಕೋರ್ಟಿನಲ್ಲೇ ಪುನರ್ವಿಮರ್ಶೆ ಕೇಳುವ ಬಾಗಿಲು ತೆರೆದಿರುತ್ತದೆ.

1950ರಲ್ಲಿ ಸುಪ್ರೀಂ ಕೋರ್ಟ್ ಆರಂಭವಾದಾಗ ಅಲ್ಲಿ ಮುಖ್ಯ ನ್ಯಾಯಮೂರ್ತಿ ಸೇರಿ ಎಂಟು ಹುದ್ದೆಗಳಿದ್ದವು. 2019ರಲ್ಲಿ ಹುದ್ದೆಗಳ ಸಂಖ್ಯೆ 34ಕ್ಕೆ ಏರಿತು. ಆದರೂ ದಿನದ ಹೆಚ್ಚಿನ ಕೆಲಸ ಇಬ್ಬರು ಮೂವರು ನ್ಯಾಯಮೂರ್ತಿಗಳ ಪೀಠಗಳಲ್ಲಿ, ಅನುಮತಿ ಅರ್ಜಿಗಳ ನಡುವೆಯೇ ಕಳೆಯುತ್ತದೆ. ಸಂವಿಧಾನದ ವ್ಯಾಖ್ಯಾನದ ಮಹತ್ವದ ಪ್ರಶ್ನೆಗಾದರೆ ಕನಿಷ್ಠ ಐವರು ಕೂರಲೇಬೇಕು. ಅಂಥ ಪ್ರಶ್ನೆಗಳು ವರ್ಷಗಟ್ಟಲೆ ಕಾಯುತ್ತಿರುವಾಗ ಬದುವಿನ ಜಗಳಕ್ಕೆ ಆ ಸಮಯ ಹೋಗುವುದು ನನಗೆ ನೋವಿನ ಸಂಗತಿ.

ಆ ನ್ಯಾಯಾಲಯ ಏತಕ್ಕಾಗಿ ಇದೆ ಎಂಬುದಕ್ಕೆ ನಮ್ಮ ಭಾಗದ್ದೇ ನಿದರ್ಶನವಿದೆ. ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ಸಾಬೀತುಪಡಿಸಲು ಬಿಡದೆ, ವಜಾ ಮಾಡಲಾಯಿತು. ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ತೀರ್ಪಿತ್ತು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದೆಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಆದರೆ ಆಮೇಲಿನ ಎಲ್ಲ ರಾಜ್ಯ ಸರ್ಕಾರಗಳಿಗೂ ಆ ತೀರ್ಪು ರಕ್ಷಣೆಯಾಯಿತು.

ನಿಮ್ಮ ಪ್ರಕರಣದಲ್ಲಿ ನಿಜಕ್ಕೂ ಕಾನೂನಿನ ಪ್ರಶ್ನೆಯಿದ್ದರೆ ಅಂಜಬೇಡಿ. ಹೈಕೋರ್ಟ್ ತೀರ್ಪಿನ ದಿನದಿಂದ ಸಾಮಾನ್ಯವಾಗಿ 90 ದಿನಗಳ ಅವಧಿ ಇರುತ್ತದೆ. ದೃಢೀಕೃತ ನಕಲಿಗೆ ತಕ್ಷಣ ಅರ್ಜಿ ಹಾಕಿ. ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸಬೇಕು, ಅದಕ್ಕೂ ದಿನ ಹಿಡಿಯುತ್ತದೆ. ವಕೀಲರ ಮೂಲಕ ಅರ್ಜಿ ಸಲ್ಲಿಸುವುದಾದರೆ 'ಅಡ್ವೊಕೇಟ್ ಆನ್ ರೆಕಾರ್ಡ್', ಅಂದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಲು ನೋಂದಾಯಿತ ವಕೀಲರು, ಆಗಿರುವವರೇ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ; ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಬರೆಯಬೇಕು.