ಪ್ಲಾಸ್ಮಾಕ್ಕೆ ಹೈ ವೋಲ್ಟೇಜ್ ಸಪ್ಲೈ: ವೋಲ್ಟ್ ಸುಲಭ, ಕರೆಂಟ್ ಹಿಡಿಯೋದೇ ಕಷ್ಟ

ರಾಯಚೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುವವರಿಗೆ ಪ್ಲಾಸ್ಮಾ, ಅಂದರೆ ಅಯಾನು-ಎಲೆಕ್ಟ್ರಾನುಗಳಾಗಿ ಒಡೆದು ಕರೆಂಟ್ ಹರಿಸುವ ಅನಿಲ, ದೂರದ ವಿಷಯ ಏನಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಹೊಗೆ ಚಿಮಣಿ ಸೇರುವ ಮೊದಲು ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ ಮೂಲಕ ಹಾಯುತ್ತದೆ. ಅಲ್ಲಿನ ತಂತಿಗಳಿಗೆ ಹತ್ತಾರು ಸಾವಿರ ವೋಲ್ಟ್ ಡಿಸಿ ಕೊಟ್ಟಿರುತ್ತಾರೆ. ತಂತಿಯ ಸುತ್ತ ಏಳುವ ಕೊರೊನಾ ಎಂಬ ಮಸುಕು ಹೊಳಪು ಕೂಡ ಪ್ಲಾಸ್ಮಾನೇ. ಅದು ಹಾರುಬೂದಿಗೆ ಚಾರ್ಜ್ ಕೊಡುತ್ತದೆ, ಬೂದಿ ತಗಡಿಗೆ ಹೋಗಿ ಅಂಟುತ್ತದೆ. ಅಂಥ ಸಪ್ಲೈಗೆ ವೋಲ್ಟೇಜ್ ಏರಿಸುವುದು ದೊಡ್ಡ ಮಾತಲ್ಲ. ಕಿಡಿ ಹಾರಿದ ಕೂಡಲೇ ಇಳಿಸಿ, ಮತ್ತೆ ಏರಿಸುವುದರಲ್ಲೇ ಅದರ ಜಾಣತನ ಇರುವುದು. ನಮ್ಮ ಲ್ಯಾಬಿನ ಪುಟ್ಟ ಸಪ್ಲೈಗೂ ಇದೇ ಕಥೆ.

ಮೊದಲು, ಎಷ್ಟು ವೋಲ್ಟ್ ಬೇಕು? ಬಯಲು ಗಾಳಿಯಲ್ಲಿ 1 ಸೆಂ.ಮೀ. ಅಂತರ ದಾಟಿಸಲು ಸುಮಾರು 30,000 ವೋಲ್ಟ್ ಬೇಕು. ಆದರೆ ಜರ್ಮನ್ ಭೌತವಿಜ್ಞಾನಿ ಪಾಶೆನ್ 1889ರಲ್ಲಿ ತೋರಿಸಿದಂತೆ, ಲೆಕ್ಕಕ್ಕೆ ಬರುವುದು ಒತ್ತಡ ಮತ್ತು ಅಂತರದ ಗುಣಲಬ್ಧ. ಆ ಗುಣಲಬ್ಧಕ್ಕೆ ಎದುರಾಗಿ ಹೊತ್ತಿಕೊಳ್ಳುವ ವೋಲ್ಟೇಜ್ ಗೀಚಿದರೆ, ಗಾಳಿಗೆ ಆ ವಕ್ರರೇಖೆಯ ತಳ ಸುಮಾರು 330 ವೋಲ್ಟ್. ರೋಟರಿ ಪಂಪಿನಿಂದ ಟ್ಯೂಬಿನೊಳಗಿನ ಒತ್ತಡವನ್ನು 1 ಟಾರ್‌ಗೆ (ವಾತಾವರಣದ ಒತ್ತಡದ 760ರಲ್ಲಿ ಒಂದು ಪಾಲು) ಇಳಿಸಿ, ಎಲೆಕ್ಟ್ರೋಡುಗಳನ್ನು 5 ಸೆಂ.ಮೀ. ದೂರ ಇಟ್ಟರೆ 600–700 ವೋಲ್ಟಿಗೇ ಹೊತ್ತಿಕೊಳ್ಳುತ್ತದೆ. 2000 ವೋಲ್ಟ್ ಸಪ್ಲೈ ಇದ್ದರೆ ಧಾರಾಳ.

ಹೊತ್ತಿಕೊಂಡ ಮೇಲೆ ಶುರುವಾಗುತ್ತದೆ ನಿಜವಾದ ಪೇಚು. ಗಾಳಿ ಇಲ್ಲಿಯವರೆಗೆ ಇನ್ಸುಲೇಟರ್ ಆಗಿತ್ತು, ಈಗ ವಾಹಕ. ಕರೆಂಟ್ ಹೆಚ್ಚಿದಷ್ಟೂ ಅಯಾನು ಜಾಸ್ತಿ, ಅಯಾನು ಜಾಸ್ತಿ ಆದಷ್ಟೂ ಕರೆಂಟ್ ಇನ್ನೂ ಹೆಚ್ಚು. ತಡೆಯುವವರಿಲ್ಲದಿದ್ದರೆ ತಣ್ಣನೆಯ ಹೊಳಪು (ಗ್ಲೋ) ಹೋಗಿ ಭಾರೀ ಕರೆಂಟಿನ ಆರ್ಕ್ ಆಗುತ್ತದೆ. ತಡೆಯುವ ಕೆಲಸ ಟ್ಯೂಬಿಗೆ ಸರಣಿಯಲ್ಲಿ ಹಾಕುವ ಬ್ಯಾಲಸ್ಟ್ ರೆಸಿಸ್ಟರಿನದ್ದು.

ಲೆಕ್ಕ ಹೀಗೆ. ಸಪ್ಲೈ 2000 ವೋಲ್ಟ್, ಉರಿಯುತ್ತಿರುವ ಟ್ಯೂಬಿನ ಮೇಲೆ 400 ಅಂದುಕೊಳ್ಳಿ. ಉಳಿದ 1600 ವೋಲ್ಟ್ ರೆಸಿಸ್ಟರ್ ಮೇಲೆ. 5 ಮಿಲಿಆಂಪ್ ಬೇಕಾದರೆ 320 ಕಿಲೋಓಮ್. ಹತ್ತು 33 ಕಿಲೋಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿ. ಒಂದೇ ದೊಡ್ಡದು ಯಾಕೆ ಬೇಡ? ವಾಟ್ ನೋಡಿ ಖರೀದಿಸುತ್ತೇವೆ, ರೆಸಿಸ್ಟರಿಗೂ ವೋಲ್ಟೇಜ್ ಮಿತಿ ಇರುತ್ತದೆ ಅನ್ನುವುದನ್ನು ಮರೆತುಬಿಡುತ್ತೇವೆ. ಟ್ಯೂಬ್ ಶಾರ್ಟ್ ಆದರೂ ಪ್ರತಿಯೊಂದಕ್ಕೆ ಬೀಳುವುದು 200 ವೋಲ್ಟ್, ಸುಮಾರು 1.2 ವಾಟ್. 3 ವಾಟಿನವು ಸಾಕು.

ಇನ್ನು 2000 ವೋಲ್ಟ್ ಎಲ್ಲಿಂದ? ಡಯೋಡ್-ಕೆಪಾಸಿಟರ್ ಏಣಿ, ಅಂದರೆ ಕಾಕ್‌ಕ್ರಾಫ್ಟ್-ವಾಲ್ಟನ್ ಮಲ್ಟಿಪ್ಲೈಯರ್. 1932ರಲ್ಲಿ ಪರಮಾಣು ಬೀಜ ಒಡೆಯಲು ಅವರು ಬಳಸಿದ್ದು ಇದನ್ನೇ. 230 ವೋಲ್ಟ್ ಎಸಿಯ ಶಿಖರ 325. ಮೂರು ಹಂತಕ್ಕೆ ಅದರ ಆರು ಪಟ್ಟು, 1950. ಕಾಗದದ ಮೇಲೆ ಎಷ್ಟು ಚೆಂದ, ಅಲ್ವಾ? ಗೋಡೆಯ ಪ್ಲಗ್ಗಿನಿಂದಲೇ ಎಳೆದುಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಲೇಬೇಡಿ. ನಡುವೆ ಐಸೊಲೇಶನ್ ಇಲ್ಲ, ಅಂದರೆ ಸರ್ಕ್ಯೂಟ್ ನೇರ ಮೇನ್ಸ್ ಲೈನಿಗೇ ಅಂಟಿಕೊಂಡಿರುತ್ತದೆ.

ಅದೂ ಸಾಲದೆಂಬಂತೆ ಇನ್ನೊಂದು ತೊಂದರೆ. ಲೋಡ್ ಬಂದರೆ ಏಣಿಯ ವೋಲ್ಟೇಜ್ ಕುಸಿಯುತ್ತದೆ. ಮೂರು ಹಂತಕ್ಕೆ ಕುಸಿತ, ಕರೆಂಟನ್ನು ಫ್ರೀಕ್ವೆನ್ಸಿ ಮತ್ತು ಕೆಪಾಸಿಟೆನ್ಸಿನಿಂದ ಭಾಗಿಸಿ 22ರಿಂದ ಗುಣಿಸಿದಷ್ಟು. 0.1 ಮೈಕ್ರೊಫ್ಯಾರಡ್, 5 ಮಿಲಿಆಂಪ್, 50 ಹರ್ಟ್ಸ್ ಹಾಕಿ ನೋಡಿ: 22,000 ವೋಲ್ಟ್ ಕುಸಿತ! ಅಂದರೆ ಕೈಗೆ ಏನೂ ಸಿಗುವುದಿಲ್ಲ. ಕೆಪಾಸಿಟರನ್ನು 10 ಮೈಕ್ರೊಫ್ಯಾರಡ್ ಮಾಡಿದರೆ ಕುಸಿತ 220ಕ್ಕೆ ಇಳಿಯುತ್ತದೆ, ಸರಿ. ಆದರೆ ಆರು ಕೆಪಾಸಿಟರುಗಳಲ್ಲಿ ಒಟ್ಟು 11 ಜೂಲ್ ಕೂತಿರುತ್ತದೆ. ಅದು ಜೀವಕ್ಕೇ ಅಪಾಯ. ಬದಲಿಗೆ ಇನ್ವರ್ಟರ್ ಸರ್ಕ್ಯೂಟ್ ಮತ್ತು ಫೆರೈಟ್ ಟ್ರಾನ್ಸ್‌ಫಾರ್ಮರ್‌ನಿಂದ 20 ಕಿಲೋಹರ್ಟ್ಸ್ ಕೊಟ್ಟರೆ 0.1 ಮೈಕ್ರೊಫ್ಯಾರಡ್‌ಗೇ ಕುಸಿತ ಬರೀ 55 ವೋಲ್ಟ್. ಕೂಡಿಟ್ಟ ಶಕ್ತಿ ನೂರರಲ್ಲಿ ಒಂದು ಪಾಲು. ಹೈ ಫ್ರೀಕ್ವೆನ್ಸಿಯ ದೊಡ್ಡ ಲಾಭ ನನ್ನ ಪ್ರಕಾರ ಇದೇ, ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುವುದು ಆಮೇಲಿನ ಮಾತು. ಡಯೋಡ್ ಮಾತ್ರ 1ಎನ್4007 ಬೇಡ, ಈ ವೇಗಕ್ಕೆ ಅದು ನಿಧಾನ. ಯುಎಫ್4007 ಹಾಕಿ.

ಶಕ್ತಿ ಕಡಿಮೆ ಅಂತ ಸಲೀಸಾಗಿ ಮುಟ್ಟಬೇಡಿ. ಔಟ್‌ಪುಟ್‌ಗೆ ಹೈ ವೋಲ್ಟೇಜ್ ತಡೆಯುವ 10 ಮೆಗಾಓಮ್ ಬ್ಲೀಡರ್ (ಉಳಿದ ಚಾರ್ಜ್ ಹರಿಸಿಬಿಡುವ ರೆಸಿಸ್ಟರ್) ಇರಲಿ. ಆಫ್ ಮಾಡಿದ ಮೇಲೂ ಅರ್ಥ್ ರಾಡಿನಿಂದ ಡಿಸ್ಚಾರ್ಜ್ ಮಾಡಿ. ಒಬ್ಬರೇ ಇದ್ದಾಗ ಆನ್ ಮಾಡಬೇಡಿ, ಮೇಷ್ಟ್ರು ಪಕ್ಕದಲ್ಲಿರಲಿ. ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆಗ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. ನೀರು ಹಾಕಿಸಿ, ಅಳತೆ ಮಾಡಿಸಿಯೇ ಮುಂದುವರಿಯಿರಿ.

ಕರೆಂಟ್ ಅಳೆಯಲು ಟ್ಯೂಬಿನ ಅರ್ಥ್ ಕಡೆಗೆ 1 ಕಿಲೋಓಮ್ ಹಾಕಿದರೆ ಪ್ರತಿ ಮಿಲಿಆಂಪಿಗೆ 1 ವೋಲ್ಟ್ ಕಾಣುತ್ತದೆ. ಆದರೆ ಆ ರೆಸಿಸ್ಟರ್ ಕಳಚಿಕೊಂಡರೆ ಹೈ ವೋಲ್ಟೇಜ್ ನೇರ ಮೀಟರಿಗೆ ಬರುತ್ತದೆ. ಅದಕ್ಕೇ ಎರಡು 2 ಕಿಲೋಓಮ್ ಸಮಾಂತರವಾಗಿ ಬೆಸುಗೆ ಹಾಕಿ. ಒಂದು ಕೈಕೊಟ್ಟರೆ ರೀಡಿಂಗ್ ಹೆಚ್ಚುಕಡಿಮೆ ದುಪ್ಪಟ್ಟು ತೋರಿಸುತ್ತದೆ, ಆಗ ಸ್ವಿಚ್ ಆಫ್ ಮಾಡಿ.