‘ಅಕ್ಕಾ, ಒಂದು ಮಾತು ಹೇಳ್ಬೇಕಿತ್ತು’: ಆಶಾ ಕಾರ್ಯಕರ್ತೆಯರಿಗೆ ಏನನ್ನು ಕಲಿಸಬೇಕು?

ಓದುಗರ ಪ್ರಶ್ನೆ: ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಟೀಚರುಗಳಿಗೂ ಒಂದು ದಿನದ ತರಬೇತಿ ಇಟ್ಟುಕೊಂಡಿದ್ದೇವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಬಂದು ಹೇಳಿಕೊಂಡರೆ ಏನು ಮಾಡಬೇಕು ಎಂಬುದು ವಿಷಯ. ವಕೀಲರೊಬ್ಬರನ್ನು ಕರೆಸಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಭಾರತೀಯ ನ್ಯಾಯ ಸಂಹಿತೆ (ಐಪಿಸಿಯ ಜಾಗಕ್ಕೆ ಬಂದ ದಂಡ ಕಾನೂನು) ಹೇಳಿಸಿದರೆ ಸಾಲದೇ?

ಸಾಲದು. ವಕೀಲರು ಬರಲಿ, ಆದರೆ ಮಧ್ಯಾಹ್ನ ಊಟದ ನಂತರ ಬರಲಿ, ಮುಕ್ಕಾಲು ಗಂಟೆ ಮಾತಾಡಲಿ. ಬೆಳಗಿನ ಹೊತ್ತನ್ನು ಬೇರೆಯದಕ್ಕೆ ಇಡಿ. ಹೇಳಿಕೊಂಡ ಹೆಣ್ಣುಮಗಳು ಆಸ್ಪತ್ರೆಗೆ ಹೋಗುತ್ತಾಳೋ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾಳೋ ಎಂಬುದು ಬಹುಮಟ್ಟಿಗೆ ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆ ಹತ್ತು ನಿಮಿಷದಲ್ಲಿ ಕೆಲಸಕ್ಕೆ ಬರುವುದು ಸೆಕ್ಷನ್ ನಂಬರಲ್ಲ, ಕೇಳಿಸಿಕೊಂಡವರ ಬಾಯಿಂದ ಬೀಳುವ ಮೊದಲ ಎರಡು ಮೂರು ಮಾತು. ಅದು ಕೇಳಿ ಬರುವ ವಿದ್ಯೆಯಲ್ಲ, ಆಡಿ ಆಡಿ ಬರಬೇಕು.

ಮೊದಲು ಯಾವ ಮಾತು ಕೆಡಿಸುತ್ತದೆ ಎಂದು ನೋಡಿ. ‘ಯಾಕವ್ವ ಆ ಹೊತ್ತಲ್ಲಿ ಅಲ್ಲಿಗೆ ಹೋದೆ?’, ‘ಕೂಗ್ಕೋಬಾರದಿತ್ತಾ?’, ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಕೇಳುವವರ ಮನಸ್ಸಿನಲ್ಲಿ ಕನಿಕರವೇ ಇರುತ್ತದೆ. ಆದರೆ ‘ಯಾಕೆ’ ಎಂದು ಶುರುವಾಗುವ ಯಾವ ಪ್ರಶ್ನೆಯೂ ಎದುರಿನವಳಿಗೆ ‘ತಪ್ಪು ನಿನ್ನದೇ’ ಎಂದು ಕೇಳಿಸುತ್ತದೆ. ಕೂಗದಿರುವುದಕ್ಕೆ ಕಾರಣವಿದೆ: ಭಯ ಹೆಚ್ಚಾದಾಗ ಮೈ ಮರಗಟ್ಟಿ ದನಿಯೇ ಹೊರಡದಿರುವುದು ಸಾಮಾನ್ಯ. ನೆನಪು ಹಿಂದುಮುಂದಾಗುವುದೂ ಹಾಗೆಯೇ. ಮೊನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಾಗಲಿಲ್ಲ ಎಂದ ಮಾತ್ರಕ್ಕೆ ಸುಳ್ಳಲ್ಲ. ಇದನ್ನು ತರಬೇತಿಯಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಅನುಮಾನ ಹುಟ್ಟುವುದು ಇಲ್ಲಿಂದಲೇ.

ಇನ್ನೊಂದು ಬಗೆಯ ಮಾತು ಸಮಾಧಾನದ್ದು. ‘ಅಳಬೇಡ’, ‘ಕೆಟ್ಟ ಕನಸು ಅಂತ ಮರೆತುಬಿಡು’, ‘ದೇವರು ನೋಡ್ಕೋತಾನೆ’. ಇವು ಮಾತನ್ನು ಅಲ್ಲಿಗೇ ಮುಗಿಸುತ್ತವೆ. ಎಲ್ಲಕ್ಕಿಂತ ಅಪಾಯದ್ದು ‘ಆಣೆ, ನಾನು ಯಾರಿಗೂ ಹೇಳಲ್ಲ’ ಎಂಬ ಮಾತು. ಇದರ ವಿಷಯ ಮುಂದೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಹಂತದ ಬೆಂಬಲ ಎಂದು ಐದು ಕೆಲಸ ಹೇಳುತ್ತದೆ: ಕಿವಿಗೊಡುವುದು, ಏನು ಬೇಕೆಂದು ಕೇಳುವುದು, ನಂಬಿದ್ದೇನೆಂದು ತೋರಿಸುವುದು, ಸುರಕ್ಷತೆ ನೋಡುವುದು, ಮುಂದಿನ ನೆರವಿಗೆ ಜೋಡಿಸುವುದು. ಗೋಡೆಗೆ ಬರೆದು ಹಚ್ಚಿದರೆ ಇದು ಸುಭಾಷಿತವಾಗುತ್ತದೆ, ಅಷ್ಟೆ. ಒಂದೊಂದಕ್ಕೂ ನಿಮ್ಮ ಸೀಮೆಯ ಆಡುಮಾತಿನಲ್ಲಿ ಎರಡೆರಡು ವಾಕ್ಯ ಬೇಕು. ಕಿವಿಗೊಡುವುದಕ್ಕೆ: ‘ಹೇಳು, ನಾನು ಕೇಳ್ತಾ ಇದೀನಿ. ಎಷ್ಟು ಹೇಳ್ಬೇಕು ಅನ್ಸುತ್ತೋ ಅಷ್ಟೇ ಹೇಳು.’ ನಂಬಿಕೆಗೆ: ‘ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ.’ ಬೇಕಾದ್ದಕ್ಕೆ: ‘ಈಗ ನಿನಗೆ ಯಾವ ಚಿಂತೆ ಜಾಸ್ತಿ ಕಾಡ್ತಿದೆ?’ ಸುರಕ್ಷತೆಗೆ: ‘ಇವತ್ತು ರಾತ್ರಿ ಮನೆಗೆ ಹೋಗೋಕೆ ಹೆದರಿಕೆ ಇದೆಯಾ? ಅವನು ಅಲ್ಲೇ ಇರ್ತಾನಾ?’ ಜೋಡಿಸುವುದಕ್ಕೆ: ‘ನೀನು ಹೂಂ ಅಂದ್ರೆ ನಾನೇ ಜೊತೇಲಿ ಬರ್ತೀನಿ.’ ಧಾರವಾಡದ ಕಡೆಯಾದರೆ ಈ ವಾಕ್ಯಗಳನ್ನು ಅಲ್ಲಿನವರೇ ಅಲ್ಲಿನ ಮಾತಿಗೆ ತಂದುಕೊಳ್ಳಲಿ. ಪುಸ್ತಕದ ಕನ್ನಡದಲ್ಲಿ ‘ನಾನು ನಿಮ್ಮನ್ನು ನಂಬುತ್ತೇನೆ’ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ವಿವರ ಕೆದಕುವುದು ಇವರ ಕೆಲಸವಲ್ಲ. ಏನಾಯಿತು, ಹೇಗಾಯಿತು ಎಂದು ವೈದ್ಯರು ಕೇಳುತ್ತಾರೆ, ಪೊಲೀಸರು ಕೇಳುತ್ತಾರೆ, ಮ್ಯಾಜಿಸ್ಟ್ರೇಟರ ಮುಂದೆ ಮತ್ತೆ ಹೇಳಬೇಕಾಗುತ್ತದೆ. ಆಶಾ ಕಾರ್ಯಕರ್ತೆಗೆ ತಿಳಿಯಬೇಕಾದ್ದು ಮೂರೇ: ಯಾವಾಗ ಆಯಿತು, ಈಗ ನೋವು ಅಥವಾ ರಕ್ತಸ್ರಾವ ಇದೆಯೇ, ಅವಳ ವಯಸ್ಸೆಷ್ಟು.

ಇದನ್ನು ಅಭ್ಯಾಸ ಮಾಡಿಸುವುದು ಹೀಗೆ. ಒಂದು ತಂಡಕ್ಕೆ 20ರಿಂದ 25 ಜನ. 80 ಜನರನ್ನು ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಕೂರಿಸಿದರೆ ಸಹಿ ಸಿಗುತ್ತದೆ, ತರಬೇತಿ ಆಗುವುದಿಲ್ಲ. ಮೂರು ಮೂರು ಜನರ ಗುಂಪು: ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ನೋಡುವವರು. ಐದು ನಿಮಿಷ ಆಟ, ಐದು ನಿಮಿಷ ಮಾತು, ಆಮೇಲೆ ಪಾತ್ರ ಬದಲು. ನೋಡುವವರ ಕೈಯಲ್ಲಿ ಚೀಟಿ ಇರಲಿ, ಅದರಲ್ಲಿ ‘ಯಾಕೆ’ ಎಷ್ಟು ಸಲ ಬಂತು ಎಂದು ಗೆರೆ ಎಳೆಯಲಿ. ಮೊದಲ ಸುತ್ತಿನಲ್ಲಿ ಗೆರೆಗಳು ಸಾಲಾಗಿ ಬೀಳುತ್ತವೆ, ಎಲ್ಲರೂ ನಗುತ್ತಾರೆ. ಮೂರನೆಯ ಸುತ್ತಿನ ಹೊತ್ತಿಗೆ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಕಟ್ಟುಪಾಡು ಕೆಲವು. ಹೇಳುವವರ ಪಾತ್ರಕ್ಕೆ ಬರೆದ ಚೀಟಿ ಕೊಡಿ, ಊರಲ್ಲಿ ನಿಜಕ್ಕೂ ನಡೆದ ಪ್ರಕರಣ ಬೇಡ, ತಮ್ಮ ಸ್ವಂತದ್ದು ಅಂತೂ ಬೇಡ. ಆಟ ಶುರುವಾಗುವುದೇ ‘ಅಕ್ಕಾ, ಒಂದು ಮಾತು’ ಎಂಬಲ್ಲಿಂದ. ಘಟನೆಯನ್ನು ಯಾರೂ ನಟಿಸುವುದಿಲ್ಲ, ವರ್ಣಿಸುವುದಿಲ್ಲ. ಮುಗಿದ ಮೇಲೆ ಪಾತ್ರ ಮಾಡಿದವರು ಎದ್ದು ತಮ್ಮ ನಿಜವಾದ ಹೆಸರು, ಊರು ಹೇಳಿ ಜಾಗ ಬದಲಿಸಲಿ. ಇದು ಹುಡುಗಾಟದಂತೆ ಕಂಡರೂ ಬಿಡಬೇಡಿ. ಸಭೆಯಲ್ಲಿ ಕೂತವರಲ್ಲೇ ಇದನ್ನು ಅನುಭವಿಸಿದವರು ಇರುತ್ತಾರೆ ಎಂದುಕೊಂಡೇ ಕಾರ್ಯಕ್ರಮ ಹಾಕಬೇಕು. ಬೆಳಿಗ್ಗೆಯೇ ‘ಯಾರು ಬೇಕಾದರೂ ಕಾರಣ ಹೇಳದೆ ಎದ್ದುಹೋಗಬಹುದು’ ಎಂದು ಹೇಳಿ, ಪಕ್ಕದ ಕೋಣೆಯಲ್ಲಿ ಒಬ್ಬ ಆಪ್ತಸಮಾಲೋಚಕಿಯನ್ನು ಇರಿಸಿ.

ಈಗ ಆಣೆಯ ವಿಷಯ. ಹೇಳಿಕೊಂಡವರು 18 ವರ್ಷದೊಳಗಿನವರಾದರೆ, ಹುಡುಗಿಯಾಗಲಿ ಹುಡುಗನಾಗಲಿ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಮಗುವಿಗೆ ಬೇಕಾದ ನೆರವು ಸಿಗುತ್ತದೆ, ಅದನ್ನೂ ಮಾಡಿ. ಹಾಗಾಗಿ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟು ಸಂಜೆ ಪೊಲೀಸರು ಮನೆಗೆ ಬಂದರೆ ಆ ಮಗು ಮತ್ತೆ ಜನ್ಮದಲ್ಲಿ ಯಾರನ್ನೂ ನಂಬಲಿಕ್ಕಿಲ್ಲ. ಬದಲಿಗೆ ಕಲಿಸಬೇಕಾದ ವಾಕ್ಯ: ‘ಊರಲ್ಲಿ ಯಾರಿಗೂ ನಾನು ಹೇಳಲ್ಲ. ಆದ್ರೆ ನಿನ್ನನ್ನ ಕಾಪಾಡೋಕೆ ಕೆಲವರಿಗೆ ಹೇಳ್ಲೇಬೇಕು. ಯಾರಿಗೆ, ಯಾವಾಗ ಅಂತ ಮೊದಲು ನಿನಗೇ ಹೇಳ್ತೀನಿ.’ ಮುಂದೇನಾಗುತ್ತದೆ ಎಂಬುದನ್ನೂ ಹೇಳಬಹುದು: ಹೇಳಿಕೆ ಪಡೆಯಲು ಪೊಲೀಸರು ಮಗುವಿನ ಮನೆಗೋ ಮಗುವಿಗೆ ಇಷ್ಟವಾದ ಜಾಗಕ್ಕೋ ಬರುತ್ತಾರೆ, ಸಮವಸ್ತ್ರ ಹಾಕಿರಬಾರದು, ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸುವಂತಿಲ್ಲ. ಮಾಡಿದವನು ಮನೆಯವನೇ ಆಗಿದ್ದರೆ ಮೊದಲು ಮನೆಯವರಿಗೆ ಹೇಳಿ ಆಮೇಲೆ ಪೊಲೀಸರಿಗೆ ಎಂಬ ಕ್ರಮ ತಪ್ಪು. ಮಗು ಮಾತು ಬದಲಿಸುವಂತೆ ಮಾಡಲು ಒಂದು ರಾತ್ರಿ ಸಾಕು.

ಆಶಾ ಕಾರ್ಯಕರ್ತೆಯರಿಗೆ ಇದು ಹೆಚ್ಚಾಗಿ ಎದುರಾಗುವುದು ದೂರಿನ ರೂಪದಲ್ಲಿ ಅಲ್ಲ, ತಾಯಿ ಕಾರ್ಡ್ ಮಾಡಿಸುವಾಗ. ಗರ್ಭಿಣಿಗೆ ಹದಿನೇಳು, ಮದುವೆಯೂ ಆಗಿದೆ. ಮದುವೆ ಆಗಿದ್ದರೂ ಪೋಕ್ಸೊ ಅನ್ವಯಿಸುತ್ತದೆ. ಹುಡುಗಿ ಹೆದರಿ ಆಸ್ಪತ್ರೆಗೇ ಬಾರದೆ ಹೋದರೆ ಎಂಬ ಅಳುಕು ನಿಜವಾದದ್ದೇ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬಿಟ್ಟುಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ವಕೀಲರಿಗೆ ಕೊಟ್ಟ ಮುಕ್ಕಾಲು ಗಂಟೆಯಲ್ಲಿ ಅರ್ಧ ಇದಕ್ಕೇ ಹೋಗಲಿ.

ವಯಸ್ಕ ಹೆಣ್ಣುಮಗಳ ವಿಷಯ ಬೇರೆ. ದೂರು ಕೊಡಬೇಕೋ ಬೇಡವೋ ಅವಳ ನಿರ್ಧಾರ, ಕಾರ್ಯಕರ್ತೆ ಒತ್ತಾಯಿಸುವಂತಿಲ್ಲ, ಬೇಡವೆಂದೂ ಹೇಳುವಂತಿಲ್ಲ. ಆದರೆ ಚಿಕಿತ್ಸೆಗೆ ಗಡಿಯಾರ ಓಡುತ್ತಿರುತ್ತದೆ. ಮೂರು, ನಾಲ್ಕು, ಐದು ಎಂದು ಬೆರಳ ಮೇಲೆ ಎಣಿಸಿ ಕಲಿಸಿ. ಎಚ್‌ಐವಿ ತಡೆಯುವ ಮಾತ್ರೆ ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ, ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ನುಂಗಬೇಕು. ಮೈಮೇಲಿನ ಸಾಕ್ಷ್ಯ ಸಂಗ್ರಹಕ್ಕೆ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುವುದು 96 ಗಂಟೆ, ನಾಲ್ಕು ದಿನ. ತುರ್ತು ಗರ್ಭನಿರೋಧಕ ಮಾತ್ರೆ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ ಒಂದೇ ಸಲಕ್ಕೆ, 72 ಗಂಟೆಯೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಐದು ದಿನದವರೆಗೂ ಕೊಡುತ್ತಾರೆ. ಐದು ದಿನ ದಾಟಿದ್ದರೂ ಗಾಯ, ಸೋಂಕು, ಗರ್ಭ ನೋಡಿಸಲು ಆಸ್ಪತ್ರೆಗೆ ಹೋಗಬೇಕು. ಬಲಾತ್ಕಾರದಿಂದ ನಿಂತ ಗರ್ಭವನ್ನು ತೆಗೆಸಲು 24 ವಾರದವರೆಗೆ ಕಾನೂನಿನಲ್ಲಿ ಅವಕಾಶವಿದೆ.

ಬಟ್ಟೆಯ ವಿಷಯದಲ್ಲಿ ಎಡವುವವರು ಬಹಳ. ಉಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಅಥವಾ ಹಳೆಯ ಪೇಪರಿನಲ್ಲಿ ಸುತ್ತಿ ತರಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಪಸೆ ಕೂತು ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಸ್ನಾನ ಮಾಡಿಬಿಟ್ಟಿದ್ದರೆ ‘ಅಯ್ಯೋ’ ಎನ್ನಬೇಡಿ. ಹಾಗೆಯೇ ಕರೆದುಕೊಂಡು ಹೋಗಿ.

ಎಫ್‌ಐಆರ್ ಇಲ್ಲದೆ ಮುಟ್ಟುವುದಿಲ್ಲ ಎಂದು ಆಸ್ಪತ್ರೆಯವರು ಹೇಳಬಹುದು. ಸರ್ಕಾರಿಯೋ ಖಾಸಗಿಯೋ, ಯಾವ ಆಸ್ಪತ್ರೆಯೂ ಉಚಿತವಾಗಿ ಕೂಡಲೇ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧಗಳ ತನಿಖೆ, ವಿಚಾರಣೆಯ ಕಾನೂನು) 397ನೇ ಸೆಕ್ಷನ್ ಹೇಳುತ್ತದೆ. ಕೊಡದಿದ್ದರೆ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆ. ಅದೇ 397 ಪೊಲೀಸರಿಗೆ ಮಾಹಿತಿ ಕೊಡಬೇಕೆಂದೂ ಆಸ್ಪತ್ರೆಗೆ ಹೇಳುತ್ತದೆ. ಇದನ್ನು ಅವಳಿಗೆ ಆಟೊ ಹತ್ತುವ ಮೊದಲೇ ತಿಳಿಸಬೇಕು, ಅಲ್ಲಿ ಹೋದ ಮೇಲೆ ಖಾಕಿ ಕಂಡು ಗಾಬರಿಯಾಗಬಾರದು. ಬಂದ ಪೊಲೀಸರಿಗೆ ‘ನನಗೆ ದೂರು ಬೇಡ’ ಎಂದು ವಯಸ್ಕಳು ಹೇಳಬಹುದು, ಆದರೂ ಚಿಕಿತ್ಸೆ ನಿಲ್ಲುವುದಿಲ್ಲ. ಪರೀಕ್ಷೆಯ ಒಂದೊಂದು ಹಂತಕ್ಕೂ ಅವಳ ಒಪ್ಪಿಗೆ ಬೇಕು. ಎರಡು ಬೆರಳಿನ ಪರೀಕ್ಷೆ ಮಾಡುವಂತೆಯೇ ಇಲ್ಲ, 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಕಟ್ಟುನಿಟ್ಟಾಗಿ ಹೇಳಿತು. ದೂರು ಕೊಡುವುದಾದರೆ ಯಾವ ಠಾಣೆಯಾದರೂ ಸರಿ, ಬರೆದುಕೊಳ್ಳುವವರು ಮಹಿಳಾ ಅಧಿಕಾರಿ ಆಗಿರಬೇಕು, ಎಫ್‌ಐಆರ್ ಪ್ರತಿ ಉಚಿತ.

ಗಂಡನಿಂದಲೇ ಆಗುತ್ತಿದ್ದರೆ? 18 ದಾಟಿದ ಹೆಂಡತಿಯ ವಿಷಯದಲ್ಲಿ ಅದನ್ನು ಬಲಾತ್ಕಾರವೆಂದು ನ್ಯಾಯ ಸಂಹಿತೆ ಎಣಿಸುವುದಿಲ್ಲ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ, ದಾರಿ ಆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಕಡೆಗೆ.

ಗುಟ್ಟು ಬಯಲಾಗುವುದು ಕೆಟ್ಟತನದಿಂದಲ್ಲ, ಅಭ್ಯಾಸದಿಂದ. ಡೈರಿಯಲ್ಲಿ ಹೆಸರು ಬರೆಯುವುದು, ಮೇಲಿನವರಿಗೆ ತಿಳಿಸಲೆಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು, ಅವಳ ಮನೆಯ ಫೋನಿಗೆ ಕರೆ ಮಾಡಿ ‘ಈಗ ಹೇಗಿದೀಯವ್ವ’ ಎನ್ನುವುದು. ಗುರುತು ಬಹಿರಂಗಪಡಿಸಿದರೆ ಎರಡು ವರ್ಷದವರೆಗೆ ಶಿಕ್ಷೆ ಎಂಬುದನ್ನು ಹೇಳಿ, ಜೊತೆಗೆ ಬದಲಿ ದಾರಿಯನ್ನೂ ಕೊಡಿ: ಡೈರಿಯಲ್ಲಿ ‘ಬಿಪಿ ನೋಡಿದೆ’ ಎಂದಷ್ಟೇ ಇರಲಿ, ಮುಂದಿನ ಭೇಟಿಗೆ ಮಗುವಿನ ತೂಕ, ಕಬ್ಬಿಣದ ಮಾತ್ರೆ ನೆಪವಾಗಲಿ, ಯಾವ ಹೊತ್ತಿಗೆ ಬರಲಿ ಎಂದು ಅವಳನ್ನೇ ಕೇಳಲಿ. ಊರ ಹಿರಿಯರು ‘ನಾವೇ ಕೂತು ಬಗೆಹರಿಸ್ತೀವಿ’ ಎಂದು ರಾಜಿಗೆ ಕರೆದರೆ ಕಾರ್ಯಕರ್ತೆ ಆ ಪಂಚಾಯ್ತಿಯಲ್ಲಿ ಕೂರಕೂಡದು. ಬಲಾತ್ಕಾರ ರಾಜಿಯಾಗುವ ಅಪರಾಧವಲ್ಲ.

ತರಬೇತಿಯ ನಂತರ ಕೆಲವು ಕಡೆ ‘ಈ ತಿಂಗಳು ಎಷ್ಟು ಪ್ರಕರಣ ಪತ್ತೆ ಮಾಡಿದಿರಿ’ ಎಂದು ಕೇಳುವ ಚಟ ಶುರುವಾಗುತ್ತದೆ. ದಯವಿಟ್ಟು ಬೇಡ. ಮನೆಮನೆಗೆ ಹೋಗಿ ಎಲ್ಲರನ್ನೂ ಈ ಪ್ರಶ್ನೆ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದಿಲ್ಲ. ಗುರಿ ಕೊಟ್ಟರೆ ಹೆಸರುಗಳು ರಿಜಿಸ್ಟರಿಗೆ ಬರುತ್ತವೆ. ಅದರ ಬದಲು ಪಿಎಚ್‌ಸಿಯ ತಿಂಗಳ ಸಭೆಯಲ್ಲಿ ಇಪ್ಪತ್ತು ನಿಮಿಷ ಮೂವರ ಆಟವನ್ನು ಮತ್ತೆ ಆಡಿಸಿ. ಒಂದು ದಿನ ಕಲಿತದ್ದು ಮೂರು ತಿಂಗಳಲ್ಲಿ ‘ಯಾಕವ್ವ’ಗೆ ವಾಪಸ್ ಬಂದಿರುತ್ತದೆ.

ಕೊನೆಗೆ ಕೈಗೊಂದು ಚಿಕ್ಕ ಕಾರ್ಡ್ ಕೊಡಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100, ಮಾನಸಿಕ ಆರೋಗ್ಯಕ್ಕೆ 14416, ಜೊತೆಗೆ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ನಿಮ್ಮ ಜಿಲ್ಲೆಯ ಸಖಿ ಕೇಂದ್ರ, ತಾಲ್ಲೂಕಿನ ಸಾಂತ್ವನ ಕೇಂದ್ರ, ಎಚ್‌ಐವಿ ತಡೆ ಮಾತ್ರೆ ನಿಜಕ್ಕೂ ಇರುವ ಆಸ್ಪತ್ರೆ. ಮುದ್ರಣಕ್ಕೆ ಕೊಡುವ ಮೊದಲು ಸ್ಥಳೀಯ ನಂಬರುಗಳಿಗೆಲ್ಲ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಹಗಲು ಒಂದು ಸಲ, ರಾತ್ರಿ ಹತ್ತರ ಮೇಲೆ ಇನ್ನೊಂದು ಸಲ.